ಕೆಂಡನ ಎರಡನೇ ಪಟ್ಟೆ

ಜೂನ್ ೧೧

ಪ್ರೀತಿಯ ಕಡ್ಡಿ,

ಕಾಗದ ಬರೆದರೆ ನೀನು ಓದುತ್ತೀಯ ಎಂದು ನಿನ್ನ ಅತ್ತೆ ಫೋನಿನಲ್ಲಿ ಹೇಳಿದಳು. 'ಓದ್ತೀನಿ ಅಂದಿದ್ದಾಳೆ, ಉತ್ತರ ಬರೀತೀನಿ ಅಂದಿಲ್ಲ. ಆಸೆ ಇಟ್ಕೋಬೇಡ ಅಣ್ಣ' ಎಂದೂ ಸೇರಿಸಿದಳು. ಆಸೆ ಇಟ್ಟುಕೊಂಡಿಲ್ಲ. ಅಂಚೆಚೀಟಿ ಮಾತ್ರ ಇಪ್ಪತ್ತು ತಂದಿಟ್ಟುಕೊಂಡಿದ್ದೇನೆ.

ನಾನೀಗ ಕೆಲಸ ಮಾಡುತ್ತಿರುವುದು ಆಸ್ಪತ್ರೆಯಲ್ಲಲ್ಲ, ಒಂದು ಮನೆಯಲ್ಲಿ. ಮೂರನೇ ಮಹಡಿ. ರೋಗಿ ಒಬ್ಬರೇ, ಕಣ್ಣಿನ ಡಾಕ್ಟರಾಗಿದ್ದವರು, ಎಪ್ಪತ್ತೊಂದು ವರ್ಷ. ಮದುವೆಯಾಗಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿದೆ. ಮಾತಿನಲ್ಲಿ ಉಳಿದಿರುವುದು ಮೂರೇ: 'ಸರಿ', 'ಅಲ್ಲ', 'ಅದು'. ಈ ಮೂರರಲ್ಲೇ ಡಾಕ್ಟರಮ್ಮ ಇಡೀ ಮನೆ ನಡೆಸುತ್ತಾರೆ. ನಿನ್ನ ಅತ್ತೆಗೆ ಅದೇ ಕೆಲಸಕ್ಕೆ ಮೂರು ಸಾವಿರ ಮಾತು ಬೇಕು.

ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ತಿರುಗಿಸಬೇಕು, ಬೆನ್ನು ಹುಣ್ಣಾಗದ ಹಾಗೆ. ಅವರಿಗೆ ಎಡ ಮಗ್ಗುಲೇ ಇಷ್ಟ. ಯಾಕೆಂದರೆ ಆ ಕಡೆಯ ಗೋಡೆಯ ಉದ್ದಕ್ಕೂ ಒಂದು ಗಾಜಿನ ತೊಟ್ಟಿ ಇದೆ. ಅದರೊಳಗೆ ಕಡಲಿನಷ್ಟೇ ಉಪ್ಪಾದ ನೀರು, ಗುಡ್ಡದ ಹಾಗೆ ಒಟ್ಟಿದ ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ. ಹವಳ ಎಂದರೆ ಸರದ ಮಣಿ ಎಂದುಕೊಂಡಿದ್ದೆ ನಾನು. ಇದು ಬೆಳೆಯುತ್ತದೆ. ದೀಪ ಹಾಕಿದರೆ ಅರಳುತ್ತದೆ, ಕೈ ತಾಗಿದರೆ ಮುದುಡುತ್ತದೆ. ಡಾಕ್ಟರಮ್ಮ ಹನ್ನೆರಡು ವರ್ಷ ಕೂತು ಬೆಳೆಸಿದ್ದು. ಈಗ ಅದರ ಚಾಕರಿಯೂ ನನ್ನದೇ.

ಅದರಲ್ಲೊಂದು ಮೀನಿದೆ. ಏಂಜೆಲ್ ಮೀನಿನಲ್ಲೇ ಕುಳ್ಳ ಜಾತಿ, ಮೀನಿನ ಅಂಗಡಿಯವನು ಡ್ವಾರ್ಫ್ ಏಂಜೆಲ್ ಅನ್ನುತ್ತಾನೆ. ನಿನ್ನ ಕಿರುಬೆರಳಿನಷ್ಟು ಉದ್ದ. ಊದಿದ ಕೆಂಡದ ಬಣ್ಣ, ರೆಕ್ಕೆಯ ತುದಿ ನೀಲಿ. ಮೈಮೇಲೆ ನಾಲ್ಕು ಕಪ್ಪು ಪಟ್ಟೆ. ಎರಡನೆಯದು ಮಾತ್ರ ನಡುವೆ ತುಂಡಾಗಿದೆ, ಗೆರೆ ಎಳೆಯುವಾಗ ಪೆನ್ನು ಕೈಕೊಟ್ಟ ಹಾಗೆ. ನಾನು ಕೆಂಡ ಎಂದು ಕರೆಯುತ್ತೇನೆ. ನಾನು ಬಂದರೆ ಗಾಜಿನ ಹತ್ತಿರ ಬರುತ್ತದೆ. ನನ್ನನ್ನು ನೋಡಿ ಹತ್ತಿರ ಬರುವ ಜೀವ ಸದ್ಯಕ್ಕೆ ಅದೊಂದೇ.

ಊಟ ಸರಿಯಾಗಿ ಮಾಡು.

ನಿನ್ನ
ಅಪ್ಪ


ಜೂನ್ ೨೯

ಅಪ್ಪನಿಗೆ,

ಅತ್ತೆಯ ಕಾಟಕ್ಕೆ ಇದನ್ನು ಬರೆಯುತ್ತಿದ್ದೇನೆ. ಕೆಲವು ವಿಷಯ ಮೊದಲೇ ಹೇಳಿಬಿಡುತ್ತೇನೆ.

ಫೋನ್ ಮಾಡಬೇಡಿ. ಫೋನಿನಲ್ಲಿ ನಿಮ್ಮ ದನಿ ಯಾವಾಗಲೂ ಚೆನ್ನಾಗಿರುತ್ತದೆ. ಆ ಆರು ದಿನವೂ ಚೆನ್ನಾಗಿಯೇ ಇತ್ತು. ನನಗೆ ಹನ್ನೆರಡು ವರ್ಷ, ಪರೀಕ್ಷೆ ನಡೀತಿತ್ತು. ನೀವು ದಿನಾ ಸಂಜೆ ಆಸ್ಪತ್ರೆಯಿಂದ ಅತ್ತೆ ಮನೆಗೆ ಬಂದು 'ಅಮ್ಮ ಇವತ್ತು ಎದ್ದು ಕೂತಿದ್ದಳು' ಅಂದಿರಿ. ಅಮ್ಮ ಆಗಲೇ ಇರಲಿಲ್ಲ. ಬಾಯಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ. ಬರೆದದ್ದು ಇರುತ್ತದೆ. ಅದಕ್ಕೇ ಕಾಗದ.

ಓದು ಹೇಗಿದೆ, ಊಟ ಆಯ್ತಾ ಅಂತ ಕೇಳಬೇಡಿ. ಅಮ್ಮನ ವಿಷಯ ಬರೆಯಬೇಡಿ. ಮೀನಿನ ವಿಷಯ ಬೇಕಾದರೆ ಬರೆಯಿರಿ.

ಸಹಿ ಬೇಕಿಲ್ಲ. ಅಕ್ಷರ ಗೊತ್ತಲ್ಲ.


ಜುಲೈ ೮

ಪ್ರೀತಿಯ ಕಡ್ಡಿ,

ನೀನು ಮಾತಾಡಿದರೆ ಕಡ್ಡಿ ತುಂಡು ಮಾಡಿದ ಹಾಗೆ ಎಂದು ಮೂರು ವರ್ಷದವಳಿದ್ದಾಗ ಈ ಹೆಸರಿಟ್ಟಿದ್ದು. ಬರವಣಿಗೆಯೂ ಹಾಗೇ ಇದೆ, ಸಂತೋಷ. 'ನೀವು' ಎಂದು ಬರೆದಿದ್ದೀಯ. ನೀರಿನ ಇಲಾಖೆಯವರೂ ನನಗೆ ಹಾಗೇ ಬರೆಯುತ್ತಾರೆ. ಇರಲಿ, ಬರೆದೆಯಲ್ಲ.

ಮೀನಿನ ವಿಷಯ. ಕೆಂಡನ ತೂಕ ಒಂದು ಸಣ್ಣ ನಿಂಬೆಹಣ್ಣಿನಷ್ಟೂ ಇಲ್ಲ. ಅದಕ್ಕೆ ಎರಡು ಪಂಪು, ಒಂದು ಹೀಟರು, ಮೂರು ಬಣ್ಣದ ದೀಪ, ನೊರೆ ತೆಗೆಯುವ ಒಂದು ಯಂತ್ರ. ಮೂಗಿಗಿಂತ ಮೂಗುತಿ ಭಾರ. ಆ ಪಂಪುಗಳ ಸದ್ದು ಮೊದಲ ವಾರ ನಿದ್ದೆಗೆಡಿಸಿತು. ಈಗ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ.

ದಿನಾ ಬೆಳಿಗ್ಗೆ ತೊಟ್ಟಿಯ ನೀರು ಒಂದು ಬೆರಳು ಇಳಿದಿರುತ್ತದೆ. ಮೊದಲ ದಿನ ನಾನು ಜಾಣತನ ಮಾಡಿ ಉಪ್ಪುನೀರು ಕಲಸಿ ಸುರಿಯಲು ಹೋದೆ. ಕಡಲಮೀನಿಗೆ ಉಪ್ಪುನೀರೇ ತಾನೇ? ಡಾಕ್ಟರಮ್ಮ ಮಂಚದಿಂದ 'ಅಲ್ಲ, ಅಲ್ಲ, ಅಲ್ಲ' ಎಂದು ಕೂಗಿದರು. ಆಮೇಲೆ ಅಂಗಡಿಯವನು ಬಿಡಿಸಿ ಹೇಳಿದ. ಆರಿಹೋಗುವುದು ಬರೀ ನೀರು, ಉಪ್ಪು ಎಲ್ಲಿಗೂ ಹೋಗುವುದಿಲ್ಲ, ತಳದಲ್ಲೇ ಉಳಿಯುತ್ತದೆ. ಹಾಗಾಗಿ ಸಿಹಿನೀರನ್ನೇ ತುಂಬಬೇಕು. ನಾವು ನಮ್ಮ ಕಡೆ ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಹೇಳುತ್ತೇವೆ. ಅದರ ಇನ್ನರ್ಧ ನಿನಗೆ ಗೊತ್ತು. ಬರೆಯಬೇಡ ಅಂದಿದ್ದೀಯ, ಬರೆಯುವುದಿಲ್ಲ.

ಕೆಂಡ ದಿನವಿಡೀ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಒಂದು ತೂತಿನಲ್ಲಿ ಹೊಕ್ಕು ಇನ್ನೊಂದರಲ್ಲಿ ಬರುತ್ತದೆ. ಯಾರೂ ನೋಡದಾಗ ಹವಳವನ್ನೂ ಒಂದು ಸಲ ಕುಟುಕುತ್ತದೆ. 'ಇದನ್ನ ಹಿಡಿದು ಬೇರೆ ಕಡೆ ಹಾಕೋಣ್ವಾ' ಎಂದು ಅಂಗಡಿಯವನನ್ನು ಕೇಳಿದೆ. 'ಹಿಡಿಯೋದಾ? ಆ ಕಲ್ಲಿನ ಗುಡ್ಡ ಪೂರ್ತಿ ಕಿತ್ತು ಹಾಕ್ಬೇಕು ಸಾರ್. ನಿಮ್ಮಜ್ಜ ಬಂದ್ರೂ ಬಲೆಗೆ ಬೀಳಲ್ಲ' ಎಂದು ನಕ್ಕ.

ಸಂಜೆ ಐದರಿಂದ ಆರು ನನಗೆ ಬಿಡುವು. ಹೊರಗೆ ಹೋಗಿ ಒಂದು ಟೀ ಕುಡಿದು ಬರುತ್ತೇನೆ. ಆ ಒಂದು ಗಂಟೆಯಲ್ಲಿ ಮಾತಾಡುವವರು ಯಾರಾದರೂ ಸಿಕ್ಕರೆ ಸಾಕು ಎನ್ನಿಸುತ್ತದೆ. ಟೀ ಅಂಗಡಿಯವನು ಕಿವುಡ.

ಅಪ್ಪ


ಆಗಸ್ಟ್ ೩

ಅಪ್ಪನಿಗೆ,

ಟೀ ಅಂಗಡಿ ಬದಲಾಯಿಸಿ.

ಕೆಂಡ ಗಂಡೋ ಹೆಣ್ಣೋ? ನೀವು 'ಅದು' 'ಇದು' ಅಂತಲೇ ಬರೆದಿದ್ದೀರಿ. ಒಂದೇ ಮೀನನ್ನು ಯಾಕೆ ಇಟ್ಟಿದ್ದಾರೆ? ಜೊತೆಗೆ ಇನ್ನೊಂದು ಬೇಡವಾ?

ಅತ್ತೆ ಹೊಲಿಗೆ ಮೆಷಿನ್ನನ್ನು ನನ್ನ ಕೋಣೆಗೆ ತಂದಿಟ್ಟಿದ್ದಾಳೆ. ಇಲ್ಲೂ ಒಂದು ಪಂಪು ಇದ್ದ ಹಾಗೆ. ನಾನು ಓದುವಾಗ ಅವಳು ಹೊಲಿಯುತ್ತಾಳೆ, ಅವಳು ನಿಲ್ಲಿಸಿದರೆ ನನಗೂ ತಲೆಗೆ ಹೋಗುವುದಿಲ್ಲ. ಈ ವರ್ಷ ಶಾಲೆಯ ಕೊನೆಯ ಪರೀಕ್ಷೆ. ಮಾರ್ಚಿನಲ್ಲಿ. ನೀವು ಕೇಳಲಿಲ್ಲ, ಆದರೂ ಹೇಳಿದ್ದೇನೆ.

ಮೀನು ನಿದ್ದೆ ಮಾಡುತ್ತದಾ?

ನಿಮ್ಮ ಮಗಳು


ಆಗಸ್ಟ್ ೧೯

ಪ್ರೀತಿಯ ಕಡ್ಡಿ,

'ನಿಮ್ಮ ಮಗಳು' ಎಂದು ಕೊನೆಗೆ ಬರೆದಿದ್ದನ್ನು ನಾಲ್ಕು ಸಲ ಓದಿದೆ. ಡಾಕ್ಟರಮ್ಮನಿಗೂ ಓದಿ ಹೇಳಿದೆ. 'ಸರಿ' ಅಂದರು.

ನಿನ್ನ ಪ್ರಶ್ನೆ ಹಿಡಿದುಕೊಂಡು ಅಂಗಡಿಗೆ ಹೋದೆ. ಈ ಜಾತಿಯಲ್ಲಿ ಎಲ್ಲವೂ ಮೊದಲು ಹೆಣ್ಣೇ ಅಂತೆ. ಎರಡು ಮೂರು ಜೊತೆಗಿದ್ದರೆ ದೊಡ್ಡದು ಯಾವುದೋ ಅದು ಗಂಡಾಗಿಬಿಡುತ್ತದೆ. 'ಹಾಗಾದ್ರೆ ಒಂದೇ ಇದ್ರೆ?' ಅಂದೆ. 'ಒಂದೇ ಇದ್ರೆ ತಾನು ಏನು ಅಂತ ಅದು ಯಾರಿಗೂ ತೋರಿಸ್ಬೇಕಾಗಿಲ್ಲವಲ್ಲ ಸಾರ್' ಅಂದ. ಜೊತೆಗೆ ಇನ್ನೊಂದನ್ನು ಬಿಟ್ಟರೆ ಇಷ್ಟು ಸಣ್ಣ ಜಾಗದಲ್ಲಿ ಕಿತ್ತಾಡಿ ಸಾಯಬಹುದಂತೆ. ಒಂಟಿಯಾಗಿರುವುದೇ ವಾಸಿಯಂತೆ. ನನಗೆ ಆ ಮಾತು ಹಿಡಿಸಲಿಲ್ಲ.

ನಿದ್ದೆ ಮಾಡುತ್ತದೆ. ದೀಪ ಆರುವ ಮುಂಚೆ ದಿನಾ ಅದೇ ಕಲ್ಲಿನ ಅದೇ ತೂತಿಗೆ ಹೋಗುತ್ತದೆ. ಬಣ್ಣ ಒಂದಿಷ್ಟು ಮಾಸುತ್ತದೆ, ಬೂದಿ ಮುಚ್ಚಿದ ಹಾಗೆ.

ಗಂಡಾಗಿ ಬದಲಾಗುವುದು ಸುಲಭ ಎಂದಾಯಿತು. ಇನ್ನೊಂದು ದಿಕ್ಕಿಗೆ ಆಗುವುದಿಲ್ಲವಂತೆ. ನಿನಗೆ ಜಡೆ ಹಾಕಲು ನಾನು ಕಲಿತದ್ದು ನೆನಪಿದೆಯಾ? ಎರಡು ಜಡೆ ಎರಡು ಎತ್ತರಕ್ಕೆ. ನೀನು ಬಚ್ಚಲಿಗೆ ಹೋಗಿ ಬಿಚ್ಚಿಕೊಂಡು ಬಂದೆ. ಆ ವರ್ಷ ನೀನು ನನ್ನ ಜೊತೆ ಆಡಿದ ಮಾತು ಒಂದು ಪುಟಕ್ಕೆ ಸಾಲದು. ಆ ಮೌನದ ಜೊತೆ ಒಂದೇ ಮನೆಯಲ್ಲಿ ಇರಲಾರದೆ ನಿನ್ನನ್ನು ಅತ್ತೆಗೆ ಒಪ್ಪಿಸಿ ಇಲ್ಲಿಗೆ ಬಂದೆ. ಕೆಲಸಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ. ಅದು ನಿಜವಲ್ಲ. ಬರೆದದ್ದು ಇರುತ್ತದೆ ಅಂದೆಯಲ್ಲ, ಇದೂ ಇರಲಿ.

ಅಪ್ಪ


ಅಕ್ಟೋಬರ್ ೨

ಅಪ್ಪನಿಗೆ,

ಹೋದ ಕಾಗದಕ್ಕೆ ಉತ್ತರ ಬರೆಯಲು ತಿಂಗಳ ಮೇಲೆ ಹಿಡಿಯಿತು. ಮೂರು ಸಲ ಬರೆದು ಹರಿದೆ.

ನಿಮ್ಮ ಕಾಗದಗಳನ್ನು ವಿಜ್ಞಾನದ ಪುಸ್ತಕದಲ್ಲಿ ಇಟ್ಟಿದ್ದೇನೆ. ಓದಲು ಕೂರುವ ಮುಂಚೆ ಒಂದನ್ನು ತೆಗೆದು ನೋಡುತ್ತೇನೆ. ಕೆಂಡ ಈಗ ಯಾವ ತೂತಿನಲ್ಲಿರಬಹುದು ಅಂತ ಯೋಚಿಸಿದರೆ ತಲೆ ಸ್ವಲ್ಪ ಶಾಂತವಾಗುತ್ತದೆ. ಇಲ್ಲಿ ಪರೀಕ್ಷೆ ಅಂದರೆ ಎಲ್ಲರಿಗೂ ಅಂಕದ ಭಯ. ನನಗೆ ಬೇರೆ ಭಯ. ಬರೆದು ಹೊರಗೆ ಬಂದಾಗ ಯಾರಾದರೂ ಗೇಟಿನ ಹತ್ತಿರ ನಿಂತು ಏನಾದರೂ ಹೇಳುತ್ತಾರೆ ಅಂತ. ಆ ಸಲ ಕೊನೆಯ ಪೇಪರ್ ಮುಗಿಸಿ ಬಂದಾಗ ಗೇಟಿನಲ್ಲಿ ನೀವಿದ್ದಿರಿ.

ಅದಕ್ಕೇ ಒಂದು ಮಾತು ಕೊಡಿ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಪರೀಕ್ಷೆ ಅಂತ ಏನನ್ನೂ ಮುಚ್ಚಿಡಬೇಡಿ. ಬರೆಯುವುದನ್ನು ನಿಲ್ಲಿಸಲೂಬೇಡಿ.

ನಿಮ್ಮ ಮಗಳು


ಅಕ್ಟೋಬರ್ ೧೩

ಕಡ್ಡಿ,

ಮಾತು ಕೊಟ್ಟೆ. ಇದ್ದದ್ದು ಇದ್ದ ಹಾಗೆ.

ಕೆಂಡ ಇವತ್ತು ಕಿಟಕಿ ಕಡೆಯ ಕಲ್ಲಿನ ಕೆಳಗಿನ ತೂತಿನಲ್ಲಿದೆ. ಸಮಯ ನಾಲ್ಕೂ ಇಪ್ಪತ್ತು.

ಅಪ್ಪ


ಜನವರಿ ೧೭
(ಕಳಿಸಲಿಲ್ಲ)

ಪ್ರೀತಿಯ ಕಡ್ಡಿ,

ಕೆಂಡ ಸತ್ತುಹೋಯಿತು. ನಿನ್ನೆ ಬೆಳಿಗ್ಗೆ.

ಸಾಯಿಸಿದವನು ನಾನೇ. ಸೋಮವಾರ ತೊಟ್ಟಿಯ ನೀರು ಬದಲಾಯಿಸಬೇಕಿತ್ತು. ಅದಕ್ಕೆಂದೇ ಇಟ್ಟಿದ್ದ ನೀಲಿ ಬಕೆಟ್ಟು ಒಡೆದಿತ್ತು. ಬಿಳಿ ಬಕೆಟ್ಟು ತೆಗೆದುಕೊಂಡೆ. ಡಾಕ್ಟರಮ್ಮನ ಹಾಸಿಗೆ ಬಟ್ಟೆ ಫಿನಾಯಿಲ್‌ನಲ್ಲಿ ನೆನೆಹಾಕುವುದು ಅದರಲ್ಲೇ. ಮೂರು ಸಲ ತೊಳೆದೆ. ಮೂಗಿಟ್ಟು ನೋಡಿದೆ, ವಾಸನೆ ಇರಲಿಲ್ಲ. ಇಪ್ಪತ್ತಾರು ವರ್ಷ ರೋಗಿಗಳನ್ನು ನೋಡಿಕೊಂಡವನಿಗೆ ಫಿನಾಯಿಲ್ ಎಂದರೆ ಶುಚಿ. ಅದು ವಿಷ ಎಂದು ತಲೆಗೇ ಹೊಳೆಯಲಿಲ್ಲ. ಮಂಗಳವಾರ ಹವಳವೆಲ್ಲ ಮುದುಡಿ ಲೋಳೆ ಬಿಟ್ಟಿತು. ಆಗ ಬಕೆಟ್ಟಿನ ನೆನಪಾಯಿತು. ಅಂಗಡಿಯವನನ್ನು ಕರೆಸಿ ಎರಡು ಸಲ ನೀರು ಬದಲಿಸಿದೆವು, ವಿಷ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟೆವು. ಹವಳ ಉಳಿಯಬಹುದು ಅಂದಿದ್ದಾನೆ. ಕೆಂಡ ತನ್ನ ತೂತಿನಲ್ಲೇ ಮಗ್ಗುಲಾಗಿ ಬಿದ್ದಿತ್ತು. ಕಿವಿರು ಆಡುತ್ತಿತ್ತು. ನಾನು ನೋಡುತ್ತಾ ಕೂತೆ. ಆಮೇಲೆ ಆಡಲಿಲ್ಲ.

ಬಲೆಗೆ ಎಂದೂ ಬೀಳದ ಮೀನು. ಈ ಸಲ ಬರಿಗೈಯಲ್ಲೇ ಎತ್ತಿಕೊಂಡೆ.

ನಿನಗೆ ಮಾತು ಕೊಟ್ಟಿದ್ದೇನೆ, ಅದಕ್ಕೇ ಬರೆದಿದ್ದೇನೆ. ಪರೀಕ್ಷೆಗೆ ಇನ್ನು

ಇಲ್ಲ. ಈ ಕಾಗದ ಈಗ ಬೇಡ.

ಅಪ್ಪ


ಜನವರಿ ೧೯

ಪ್ರೀತಿಯ ಕಡ್ಡಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ, ಆಜ್ಞೆ ನೆನಪಿದೆ!

ಕೆಂಡ ಆರಾಮ. ಈಚೆಗೆ ಹೊಟ್ಟೆಬಾಕ ಆಗಿದೆ. ಮೊನ್ನೆ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಟ್ಟರೆ ಕ್ಲಿಪ್ಪಿನ ಸಮೇತ ಎಳೆದುಕೊಂಡು ಹೋಯಿತು, ಮದುವೆಮನೆಯಲ್ಲಿ ಎಲೆ ಎತ್ತುವ ಮುಂಚೆ ಕೊನೆಯ ತುತ್ತಿಗೆ ಕೈ ಹಾಕುವವರ ಹಾಗೆ. ಡಾಕ್ಟರಮ್ಮ ನಕ್ಕು ನಕ್ಕು ಸುಸ್ತಾದರು. ನಾನು ಟೀ ಅಂಗಡಿಯನ್ನೂ ಬದಲಾಯಿಸಿದೆ. ಹೊಸ ಅಂಗಡಿಯವನಿಗೆ ಕಿವಿ ಕೇಳುತ್ತದೆ, ಆದರೆ ಅವನೇ ಮಾತು ನಿಲ್ಲಿಸುವುದಿಲ್ಲ! ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಗಿದೆ ನನ್ನ ಪಾಡು.

ಇಲ್ಲಿ ಎಲ್ಲ ಚೆನ್ನಾಗಿದೆ. ನೀನು ನಿಶ್ಚಿಂತೆಯಿಂದ ಓದಿಕೋ.

ಅಪ್ಪ


ಫೆಬ್ರವರಿ ೪

ಅಪ್ಪನಿಗೆ,

ಜೀವಶಾಸ್ತ್ರದ ರೆಕಾರ್ಡ್ ಪುಸ್ತಕಕ್ಕೆ ಒಂದು ಪ್ರಾಣಿಯ ಚಿತ್ರ ಬೇಕು. ಪುಸ್ತಕ ನೋಡಿ ಬರೆಯಬಾರದು, ಜೀವಂತ ಇರುವುದನ್ನು ನೋಡಿ ಬರೆದಿರಬೇಕು ಅಂದಿದ್ದಾರೆ ಟೀಚರ್. ಕೆಂಡನನ್ನೇ ಹಾಕಬೇಕು ಅಂತಿದ್ದೇನೆ. ನೀವು ತೊಟ್ಟಿಯ ಮುಂದೆ ಕೂತು ಬರೆದು ಕಳಿಸಿ. ಚೆನ್ನಾಗಿರದಿದ್ದರೂ ಪರವಾಗಿಲ್ಲ, ನಾನು ತಿದ್ದಿಕೊಳ್ಳುತ್ತೇನೆ. ಪಟ್ಟೆ ಎಷ್ಟು, ಎಲ್ಲೆಲ್ಲಿ ಅಂತ ಎಣಿಸಿ ಹಾಕಿ. ಅಂದಾಜಿನಲ್ಲಿ ಬೇಡ.

ನಿಮ್ಮ ಮಗಳು


ಫೆಬ್ರವರಿ ೧೩

ಪ್ರೀತಿಯ ಕಡ್ಡಿ,

ಚಿತ್ರ ಇದರ ಜೊತೆಗಿದೆ. ಮೀನೋ ಬದನೆಕಾಯೋ ಎಂದು ಟೀಚರ್ ಕೇಳಿದರೆ ನನ್ನ ಹೆಸರು ಹೇಳಬೇಡ. ಎರಡು ಸಂಜೆ ಕೂತು ಬರೆದೆ. ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ, ಪ್ರತಿ ಪಟ್ಟೆಗೂ ಅದು ತೂತಿನಿಂದ ಹೊರಗೆ ಬರುವ ತನಕ ಕಾಯಬೇಕಾಯಿತು. ಐದು ಪಟ್ಟೆ. ನೀನು ಹೇಳಿದ ಹಾಗೆ ಎಣಿಸಿಯೇ ಹಾಕಿದ್ದೇನೆ, ರೋಗಿಯ ಚಾರ್ಟಿನಲ್ಲಿ ಜ್ವರ ಬರೆಯುವಷ್ಟು ಜಾಗ್ರತೆಯಿಂದ.

ಡಾಕ್ಟರಮ್ಮನಿಗೆ ಈಚೆಗೆ ಬಲ ಮಗ್ಗುಲೇ ಬೇಕು. ಆ ಕಡೆಯ ಬರಿಗೋಡೆ ನೋಡಿಕೊಂಡು ಮಲಗುತ್ತಾರೆ.

ಪರೀಕ್ಷೆ ಮುಗಿಯುವ ತನಕ ನೀನು ಬರೆಯಬೇಡ, ಸಮಯ ಹಾಳು. ಪ್ರತಿ ಉತ್ತರವನ್ನೂ ಎರಡು ಸಲ ನೋಡು.

ಅಪ್ಪ


ಮಾರ್ಚ್ ೨೮

ಅಪ್ಪನಿಗೆ,

ಪರೀಕ್ಷೆ ನಿನ್ನೆ ಮುಗಿಯಿತು. ಗೇಟಿನಲ್ಲಿ ಯಾರೂ ಇರಲಿಲ್ಲ.

ನಿಮ್ಮ ಜೂನ್ ೧೧ರ ಕಾಗದ ನನ್ನ ಮುಂದಿದೆ. ನಾಲ್ಕು ಪಟ್ಟೆ, ಎರಡನೆಯದು ತುಂಡಾಗಿದೆ ಅಂತ ನೀವೇ ಬರೆದಿದ್ದೀರಿ. ಚಿತ್ರದಲ್ಲಿ ಐದು ಪಟ್ಟೆ ಇವೆ. ಒಂದೂ ತುಂಡಾಗಿಲ್ಲ. ಇದು ಬೇರೆ ಮೀನು.

ನನಗೆ ಜನವರಿಯಲ್ಲೇ ಅನುಮಾನ ಬಂತು. ಆ ಕಾಗದದಲ್ಲಿ ನೀವು ಅಷ್ಟೊಂದು ನಗಿಸಿದ್ದೀರಿ. ನೀವು ಜಾಸ್ತಿ ನಗಿಸಿದರೆ ನನಗೆ ಭಯವಾಗುತ್ತದೆ. ಆ ಆರು ದಿನವೂ ನಗಿಸಿದ್ದಿರಿ. ಅದಕ್ಕೇ ಚಿತ್ರ ಕೇಳಿದೆ. ರೆಕಾರ್ಡ್ ಪುಸ್ತಕ ಅನ್ನುವುದು ಸುಳ್ಳು. ನಾನೂ ಕಲಿತೆ ನೋಡಿ.

ಒಂದು ವಿಷಯ ನಿಮಗೆ ಯಾವತ್ತೂ ಹೇಳಿಲ್ಲ. ಆ ವಾರ ನಾನು ಅಮ್ಮನಿಗೆ ದಿನಾ ಚೀಟಿ ಬರೆದು ನಿಮ್ಮ ಕೈಗೆ ಕೊಡುತ್ತಿದ್ದೆ. 'ಉತ್ತರ ಬರೆಸಿಕೊಂಡು ಬಾ' ಅಂತ ಅಳುತ್ತಾ ಹಠ ಮಾಡಿದೆ. ಗುರುವಾರ ನೀವು ಒಂದು ಚೀಟಿ ತಂದುಕೊಟ್ಟಿರಿ. 'ಪ್ರತಿ ಉತ್ತರವನ್ನೂ ಎರಡು ಸಲ ನೋಡು. ಅಮ್ಮ.' ಅಕ್ಷರ ಅಲ್ಲಾಡಿತ್ತು. ಹುಷಾರಿಲ್ಲವಲ್ಲ, ಕೈ ನಡುಗಿರಬೇಕು ಅಂದುಕೊಂಡೆ. ಅದನ್ನು ಕಂಪಾಸ್ ಡಬ್ಬಿಯಲ್ಲಿಟ್ಟುಕೊಂಡೇ ಉಳಿದ ಪರೀಕ್ಷೆ ಬರೆದೆ. ಅಮ್ಮ ಸತ್ತದ್ದು ಮಂಗಳವಾರ ಅಂತ ಆಮೇಲೆ ಗೊತ್ತಾಯಿತು. ನೀವು ಸುಳ್ಳು ಹೇಳಿದ್ದಕ್ಕಿಂತ ಆ ಚೀಟಿ ನನ್ನನ್ನು ಜಾಸ್ತಿ ಸುಟ್ಟಿದೆ. ನಾಲ್ಕು ವರ್ಷ ಆಯಿತು, ಎಸೆಯಲು ಆಗಿಲ್ಲ.

ನೀವು ಮಾತು ಕೊಟ್ಟಿದ್ದಿರಿ. ಕೆಂಡ ಯಾವತ್ತು ಸತ್ತಿತು? ಹೇಗೆ? ಅಮ್ಮ ಹೇಗೆ? ಎರಡನ್ನೂ ಬರೆಯಿರಿ. ನಗಿಸಬೇಡಿ. ನನ್ನ ಚೀಟಿಗಳು ಎಲ್ಲಿ?

ಇದಕ್ಕೆ ಉತ್ತರ ಬಾರದಿದ್ದರೆ ನಾನು ಇನ್ನು ಬರೆಯುವುದಿಲ್ಲ.

ನಿಮ್ಮ ಮಗಳು


ಏಪ್ರಿಲ್ ೬

ಕಡ್ಡಿ,

ಜನವರಿ ೧೭ರಂದು ಬರೆದು ಕಳಿಸದೆ ಇಟ್ಟಿದ್ದ ಕಾಗದ ಇದರ ಜೊತೆಗಿದೆ. ಕೆಂಡನ ವಿಷಯ ಪೂರ್ತಿ ಅದರಲ್ಲಿದೆ. ಈಗ ಇರುವ ಮೀನನ್ನು ಫೆಬ್ರವರಿ ಎರಡರಂದು ತಂದೆ. ಸುಳ್ಳನ್ನು ನಿಜ ಮಾಡಲು ತಂದದ್ದು. ತೊಟ್ಟಿಗೆ ಬಿಟ್ಟ ಕೂಡಲೇ ಡಾಕ್ಟರಮ್ಮ 'ಅಲ್ಲ' ಅಂದರು. ಹನ್ನೆರಡು ವರ್ಷ ಆ ತೊಟ್ಟಿಯನ್ನೇ ನೋಡಿದ ಕಣ್ಣಿನ ಡಾಕ್ಟರಿಗೆ ನಾನು ಮೋಸ ಮಾಡಲು ಹೋದೆ. ಆವತ್ತಿನಿಂದ ಅವರು ಬರಿಗೋಡೆ ಕಡೆ ತಿರುಗಿದರು. ಚಿತ್ರ ಬರೆಯುವಾಗ ಹಳೆಯ ಮೀನಿನ ಹಾಗೆ ನಾಲ್ಕು ಪಟ್ಟೆ ಹಾಕಬಹುದಿತ್ತು. ಕೈ ಬರಲಿಲ್ಲ. ಎದುರಿಗೆ ಐದು ಕಾಣುತ್ತಿತ್ತು.

ಈಗ ಅಮ್ಮ.

ಮಂಗಳವಾರ ಬೆಳಿಗ್ಗೆ ಒಂಬತ್ತೂ ಹತ್ತು. ನಾನು ಪಕ್ಕದಲ್ಲೇ ಇದ್ದೆ. ನನಗೆ ಹಿಂದಿನ ದಿನವೇ ಗೊತ್ತಾಗಿತ್ತು, ಉಗುರು ನೋಡಿದರೆ ತಿಳಿಯುತ್ತದೆ ನಮಗೆ. ಎಂಟು ಗಂಟೆಗೆ ಕಣ್ಣು ಬಿಟ್ಟು 'ಇವತ್ತು ಯಾವ ಪೇಪರು?' ಅಂದಳು. 'ವಿಜ್ಞಾನ' ಅಂದೆ. 'ಪೆನ್ಸಿಲ್ ಕೆತ್ತಿ ಕೊಟ್ರಾ?' ಅಂದಳು. ಹೂಂ ಅಂದೆ. ಕೊಟ್ಟಿರಲಿಲ್ಲ. ಅವಳಿಗೂ ಹೇಳಿದ ಕೊನೆಯ ಮಾತು ಸುಳ್ಳೇ. ಆಮೇಲೆ ಅವಳು ಮಾತಾಡಲಿಲ್ಲ. ನೋವು ಇರಲಿಲ್ಲ, ಇದು ನಿಜ. ಉಸಿರು ದೂರ ದೂರವಾಗುತ್ತಾ ಬಂದು ನಿಂತಿತು. ಬುಧವಾರ ಹನ್ನೊಂದು ಗಂಟೆಗೆ ಮಣ್ಣು ಮಾಡಿದೆವು. ನೀನು ಆಗ ಗಣಿತ ಬರೆಯುತ್ತಿದ್ದೆ.

ನಿನಗೆ ಹೇಳಬೇಡ ಎಂದು ಅವಳು ಅನ್ನಲಿಲ್ಲ. ನಿನ್ನ ಅತ್ತೆ 'ಈಗ್ಲೇ ಹೇಳ್ಬಿಡು ಅಣ್ಣ, ಮಗು ಆಮೇಲೆ ಕ್ಷಮಿಸಲ್ಲ' ಎಂದು ಕೈಮುಗಿದಳು. ಬೇಡ ಎಂದವನು ನಾನೊಬ್ಬನೇ. ಪರೀಕ್ಷೆ ಎಂದೆ, ಒಂದು ವರ್ಷ ಹಾಳಾಗುತ್ತೆ ಎಂದೆ. ಅದೆಲ್ಲ ನೆಪ. ಮನೆಗೆ ಹೋದರೆ ಅವಳಿರಲಿಲ್ಲ, ಆಸ್ಪತ್ರೆಗೆ ಹೋದರೆ ಅವಳ ಮಂಚದಲ್ಲಿ ಬೇರೆ ಯಾರೋ ಇದ್ದರು. ಸಂಜೆ ನಿನ್ನ ಹತ್ತಿರ ಬಂದರೆ ಮಾತ್ರ ಅವಳು ಇನ್ನೂ ಬದುಕಿದ್ದಳು. ಅಮ್ಮ ಏನು ತಿಂದಳು ಎಂದು ನೀನು ಕೇಳುತ್ತಿದ್ದೆ, ನಾನು ಹೇಳುತ್ತಿದ್ದೆ. ಆ ಹದಿನೈದು ನಿಮಿಷಕ್ಕಾಗಿ ದಿನವಿಡೀ ಕಾಯುತ್ತಿದ್ದೆ. ನಿನಗಾಗಿ ಎಂದುಕೊಂಡೇ ಆ ಚೀಟಿಗೆ 'ಅಮ್ಮ' ಎಂದು ಸಹಿ ಹಾಕಿದೆ. ಬರೆದ ಮೇಲೆ ಬಹಳ ಹೊತ್ತು ಅದನ್ನು ನಾನೇ ನೋಡುತ್ತಾ ಕೂತಿದ್ದೆ.

ಕೆಂಡನ ವಿಷಯದಲ್ಲೂ ಅದೇ ಮಾಡಿದೆ. ನಿನ್ನ ಕಾಗದದಲ್ಲಿ ಅದು ಬದುಕಿತ್ತು. ಅದು ಸತ್ತರೆ ನಿನಗೂ ನನಗೂ ಮಾತಾಡಲು ಏನೂ ಉಳಿಯುವುದಿಲ್ಲ ಎಂದು ಹೆದರಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಉಣ್ಣುತ್ತಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖವಿಲ್ಲ.

ನಿನ್ನ ಚೀಟಿಗಳು ನನ್ನ ಪೆಟ್ಟಿಗೆಯಲ್ಲಿವೆ. ಆರು. ನೀನು ಮಡಚಿಕೊಟ್ಟ ಹಾಗೇ ಇವೆ. ಒಂದನ್ನೂ ಬಿಚ್ಚಿಲ್ಲ. ಅವು ನನಗೆ ಬರೆದವಲ್ಲ. ನೀನು ಹೇಳಿದರೆ ಕಳಿಸುತ್ತೇನೆ.

ಅಪ್ಪ


ಏಪ್ರಿಲ್ ೨೦

ಅಪ್ಪಾ,

ಕಾಗದ ಬಂದು ಹತ್ತು ದಿನವಾಯಿತು. ಅತ್ತೆಗೆ ಓದಲು ಕೊಟ್ಟೆ. ಅವಳು ಮೆಷಿನ್ ನಿಲ್ಲಿಸಿ ಓದಿ, ಮಡಚಿ ವಾಪಸು ಕೊಟ್ಟಳು. ಆವತ್ತು ಮತ್ತೆ ಹೊಲಿಯಲಿಲ್ಲ.

ಒಂಬತ್ತೂ ಹತ್ತು ಅಂದರೆ ನಾನು ಆಗ ಶಾಲೆಯ ದಾರಿಯಲ್ಲಿದ್ದೆ. ಪೆನ್ಸಿಲ್ಲನ್ನು ನಾನೇ ಕೆತ್ತಿಕೊಂಡಿದ್ದೆ. ಅಮ್ಮನಿಗೆ ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೆನ್ಸಿಲ್ ಚೂಪಾಗಿಯೇ ಇತ್ತು.

ನನಗೆ ನಿನ್ನ ಮೇಲೆ ಇನ್ನೂ ಕೋಪ ಇದೆ. ಅದು ಇರುತ್ತದೆ. ಆದರೆ ಆ ಹದಿನೈದು ನಿಮಿಷ ನನಗೂ ಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಜನವರಿಯಲ್ಲಿ ಅನುಮಾನ ಬಂದರೂ ನಾನು ಮಾರ್ಚ್ ಕೊನೆಯವರೆಗೆ ಬಾಯಿಬಿಡಲಿಲ್ಲವಲ್ಲ, ಅದು ಪರೀಕ್ಷೆಗಾಗಿ ಅಲ್ಲ. ನಿನ್ನ ಕಾಗದಗಳು ನಿಂತುಹೋದರೆ ಅಂತ ನಾನೂ ಹೆದರಿದ್ದೆ.

ಹೊಸ ಮೀನಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಅದೇನು ಮಾಡೀತು. ಅದಕ್ಕೆ ಅದರದ್ದೇ ಹೆಸರಿಡು. ಕೆಂಡ ಅಂತ ಮಾತ್ರ ಕರೆಯಬೇಡ. ಡಾಕ್ಟರಮ್ಮನಿಗೆ ಕೆಂಡ ಸತ್ತಿತು, ನನ್ನಿಂದ ಸತ್ತಿತು ಅಂತ ಬಾಯಿಬಿಟ್ಟು ಹೇಳು. ಆಮೇಲೆ ಅವರು ಈ ಕಡೆ ತಿರುಗಬಹುದು.

ಚೀಟಿಗಳನ್ನು ಕಳಿಸಬೇಡ. ನೀನೇ ಬಿಚ್ಚು. ತೊಟ್ಟಿಯ ಹತ್ತಿರ ಕೂತು ಒಂದೊಂದಾಗಿ ಓದು. ಏನು ಬರೆದಿದ್ದೆ ಅಂತ ನನಗೆ ನೆನಪಿಲ್ಲ, ತುಂಬ ಪ್ರಶ್ನೆ ಕೇಳಿದ್ದೆ ಅನ್ನುವುದಷ್ಟೇ ನೆನಪು. ಎಲ್ಲಕ್ಕೂ ಉತ್ತರ ಬರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರಿ.

ಈ ಸಲ ಕೊನೆಗೆ ಅಮ್ಮ ಅಂತ ಹಾಕಬೇಡ. ಅಪ್ಪ ಅಂತಲೇ ಹಾಕು.

ಕಡ್ಡಿ